ಜನ ಜಾಸ್ತಿ ಇರುವ ಆಟ

ನಾನು ವಿಡಿಯೋ ಗೇಮ್ ಆಡುತ್ತೇನೆ ಎಂದರೆ ಕಚೇರಿಯಲ್ಲಿ ಎಲ್ಲರಿಗೂ ನಗು. ತಲೆ ಅರ್ಧ ಬೆಳ್ಳಗಾದ ಪ್ರಥಮ ದರ್ಜೆ ಸಹಾಯಕ, ಮದುವೆಯಾಗದವನು, ನಂಜನಗೂಡಿನ ಬಾಡಿಗೆ ಮನೆಯಲ್ಲಿ ಸಂಜೆ ಲ್ಯಾಪ್‌ಟಾಪ್ ಮುಂದೆ ಕೂತು ಕೊಲೆಗಾರನನ್ನು ಹುಡುಕುತ್ತಾನಂತೆ! ಅದೇ ಜನ ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಕೂಡಲೇ ಮೊಬೈಲ್ ಹಿಡಿದು, ಯಾರೋ ಯಾರ ಮೇಲೋ ನೀರು ಸುರಿಯುವ ವಿಡಿಯೋ ನೋಡಿ ಅರ್ಧ ಗಂಟೆ ಹಲ್ಲು ಕಿರಿಯುತ್ತಾರೆ. ಅದು ತಮಾಷೆಯಲ್ಲ, ನನ್ನದು ತಮಾಷೆ. ಎದುರು ವಾದಿಸುವಷ್ಟು ಮಾತು ನನ್ನ ಹತ್ತಿರ ಯಾವತ್ತೂ ಇದ್ದದ್ದಲ್ಲ. ಮನಸ್ಸಿನಲ್ಲೇ ಚೆನ್ನಾಗಿ ಬೈದುಕೊಂಡು ಮುಂದಿನ ಫೈಲು ಎಳೆದುಕೊಳ್ಳುತ್ತೇನೆ.

ನಾನಾಡುವ ಆಟಗಳಲ್ಲಿ ಗುಂಡು ಹಾರಿಸುವುದಿಲ್ಲ, ಕಾರು ಓಡಿಸುವುದಿಲ್ಲ. ಒಂದು ದೊಡ್ಡ ಮನೆ ಇರುತ್ತದೆ, ಇಲ್ಲವೇ ಹಡಗು, ಇಲ್ಲವೇ ಹಿಮ ಬಿದ್ದು ದಾರಿ ಮುಚ್ಚಿಹೋದ ಹೋಟೆಲು. ಅಲ್ಲಿ ಯಾರೋ ಸತ್ತಿರುತ್ತಾರೆ, ಅಥವಾ ಕಾಣೆಯಾಗಿರುತ್ತಾರೆ. ನಾವು ಮೌಸ್ ಹಿಡಿದು ಕೋಣೆಯಿಂದ ಕೋಣೆಗೆ ಹೋಗಬೇಕು, ಬೀರು ತೆಗೆಯಬೇಕು, ಇರುವವರನ್ನೆಲ್ಲ ಒಬ್ಬೊಬ್ಬರಾಗಿ ಮಾತಾಡಿಸಬೇಕು. ಅವರು ಹೇಳಿದ್ದು ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಸಾಲುಸಾಲಾಗಿ ಬರುತ್ತದೆ. ಕೊನೆಗೆ ಒಬ್ಬರ ಕಡೆ ಬೆರಳು ತೋರಿಸಬೇಕು. ತಪ್ಪಾದರೆ ನಿರಪರಾಧಿ ಜೈಲಿಗೆ ಹೋಗುತ್ತಾನೆ, ಆಟ ಅಲ್ಲಿಗೆ ಮುಗಿಯುತ್ತದೆ.

ಒಂದು ಮುಗಿದ ಮೇಲೆ ಮುಂದಿನದು ಯಾವುದು ಎಂದು ಆರಿಸುವುದಿದೆಯಲ್ಲ, ಆಟಕ್ಕಿಂತ ಅದೇ ದೊಡ್ಡ ತಲೆನೋವು. ಆನ್‌ಲೈನ್ ಅಂಗಡಿಯಲ್ಲಿ ಇಂಥವು ರಾಶಿ ಬಿದ್ದಿವೆ. ವಿಮರ್ಶೆ ಓದಿ ಆರಿಸೋಣವೆಂದರೆ ಆ ವಿಮರ್ಶೆ ಬರೆಯುವವರ ಮೇಲೆ ನನಗೆ ನಂಬಿಕೆಯಿಲ್ಲ. ಒಬ್ಬ ಮಹಾ ಅದ್ಭುತ ಎನ್ನುತ್ತಾನೆ, ಅವನ ಕೆಳಗಿನವನು ದಂಡ ಎನ್ನುತ್ತಾನೆ, ಮೂರನೆಯವನು ಕೊಲೆಗಾರ ಯಾರೆಂದೇ ಹೇಳಿಬಿಡುತ್ತಾನೆ. ಆ ಮೂರನೆಯವನು ಕೈಗೆ ಸಿಕ್ಕರೆ ಏನು ಮಾಡಬೇಕೆಂದು ನಾನು ಯೋಚಿಸಿಟ್ಟುಕೊಂಡಿದ್ದೇನೆ. ಆದರೆ ಸುಮಾರು ವರ್ಷ ಈ ತಲೆನೋವು ನನಗಿರಲಿಲ್ಲ. ಆಟ ಆರಿಸುತ್ತಿದ್ದವಳು ನನ್ನ ಅಕ್ಕ.

ಅಕ್ಕ ನನಗಿಂತ ಏಳೆಂಟು ವರ್ಷ ದೊಡ್ಡವಳು. ಕನ್ನಡ ಓದುತ್ತಾಳೆ, ಇಂಗ್ಲಿಷಿನಲ್ಲಿ ಬಸ್ಸಿನ ನಂಬರು ಬಿಟ್ಟರೆ ಬೇರೇನೂ ಓದಲಾರಳು. ಭಾವ ತೀರಿಕೊಂಡ ಮೇಲೆ ಗಂಡನ ಊರಾದ ಹೆಡತಲೆಯ ಮನೆಗೆ ಬೀಗ ಹಾಕಿ, ಇದ್ದ ತುಂಡು ಜಮೀನನ್ನು ಗುತ್ತಿಗೆಗೆ ಕೊಟ್ಟು ನನ್ನ ಜೊತೆ ಇರಲು ಬಂದಳು. ಅವಳ ಮಗ ಆಗ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದ. ಅವಳು ಬರುವ ಮೊದಲು ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಡುತ್ತಿದ್ದೆ. ಬಂದ ಹೊಸದರಲ್ಲಿ ಅವಳು ಸೊಪ್ಪು ಸೋಸಿಕೊಂಡೋ ಅವರೆಕಾಯಿ ಸುಲಿದುಕೊಂಡೋ ಪಕ್ಕದಲ್ಲಿ ಕೂತಿರುತ್ತಿದ್ದಳು. ನನಗೆ ಅವಳು ಅಲ್ಲಿರುವುದು ಗೊತ್ತಾಗುತ್ತಲೂ ಇರಲಿಲ್ಲ. ಒಂದು ಸಂಜೆ ನನ್ನ ಭುಜ ತಿವಿದಳು.

"ಲೇ, ಆ ಟೋಪಿಯವ್ನು ಅವಾಗಿಂದ ಬಾಯ್ ಬಡ್ಕತಾವ್ನೆ. ಏನಂತಾನ್ಲಾ ಅವ್ನು?"

ಹೆಡ್‌ಫೋನ್ ತೆಗೆದು, ಅವನು ಹೇಳುತ್ತಿದ್ದುದನ್ನು ಕನ್ನಡದಲ್ಲಿ ಹೇಳಿದೆ. ಹಾಗೆ ಶುರುವಾಯಿತು. ಆಮೇಲೆ ನಾನು ಒಂದು ಸಾಲನ್ನೂ ಬಾಯಿಮುಚ್ಚಿ ಓದಿದ್ದಿಲ್ಲ. ಪರದೆಯ ಮೇಲೆ ಬಂದದ್ದನ್ನೆಲ್ಲ ನಮ್ಮ ಮಾತಿಗೆ ತಿರುಗಿಸಿ, ಒಬ್ಬೊಬ್ಬರಿಗೂ ಒಂದೊಂದು ದನಿ ಕೊಟ್ಟು ಹೇಳುತ್ತಿದ್ದೆ. ಲಂಡನ್ನಿನ ವಕೀಲ ನಮ್ಮ ತಾಲ್ಲೂಕು ಕೋರ್ಟಿನ ಜಗಲಿಯಲ್ಲಿ ನಿಂತವನ ಹಾಗೆ "ನೋಡಿ ಸಾ, ಜಮೀನ್ ಪಾಣಿ ಯಾರ್ ಎಸ್ರಲ್ಲದೆ ಅದುನ್ನ ಮೊದ್ಲು ಏಳಿ" ಎನ್ನುತ್ತಿದ್ದ. ದೊಡ್ಡ ಮನೆಯ ಯಜಮಾನಿ ಕೆಲಸದವನಿಗೆ "ಮಡಗ್ಲಾ ಅಲ್ಲಿ" ಎನ್ನುತ್ತಿದ್ದಳು. ಯಾರು ಯಾರಿಗೆ ನೀವು ಅನ್ನಬೇಕು, ಯಾರಿಗೆ ನೀನು ಅನ್ನಬೇಕು ಎಂದು ಇಂಗ್ಲಿಷಿನವರು ಹೇಳುವುದಿಲ್ಲವಾದ್ದರಿಂದ ಅದನ್ನು ನಾನೇ ಊಹಿಸಿಕೊಳ್ಳಬೇಕಿತ್ತು. ಅಕ್ಕ ಅದರಿಂದಲೇ ಇವರಿಬ್ಬರ ನಡುವೆ ಏನೋ ಇದೆ ಎಂದು ಲೆಕ್ಕ ಹಾಕುತ್ತಿದ್ದಳು. ದಿನಕ್ಕೆ ಒಂದೆರಡು ಕೋಣೆ ದಾಟಿದರೆ ಹೆಚ್ಚು. ಒಂದು ಆಟ ಎರಡು ತಿಂಗಳು ಬರುತ್ತಿತ್ತು.

ಅವಳು ಆಟ ಆರಿಸುತ್ತಿದ್ದದ್ದು ಬಾಡಿಗೆಗೆ ಮನೆ ನೋಡಿದ ಹಾಗೆ. ನಾನು ಒಂದೊಂದರ ಟ್ರೇಲರನ್ನೂ ಹಾಕಿ ತೋರಿಸಬೇಕು. ಅವಳು ಕನ್ನಡಕ ಏರಿಸಿಕೊಂಡು ನೋಡುತ್ತಾಳೆ. ಇದಕ್ಕೆ ಮೆಟ್ಟಿಲು ಜಾಸ್ತಿ, ಬ್ಯಾಡ. ಇದರ ಅಡುಗೆಮನೆಗೆ ಬೆಳಕಿಲ್ಲ, ಎರಡು ತಿಂಗಳು ಇಲ್ಲಿ ಎಂಗ್ಲಾ ಇರದು? ಇದು ಪರವಾಗಿಲ್ಲ, ಹಿತ್ತಲು ಅದೆ. ಕೊನೆಗೆ ಒಂದು ಪ್ರಶ್ನೆ ತಪ್ಪದೆ ಕೇಳುತ್ತಿದ್ದಳು: "ಎಷ್ಟ್ ಜನ ಅವ್ರೆ ಇದ್ರಲ್ಲಿ?" ಜನ ಕಡಿಮೆ ಇದ್ದರೆ ಮನೆ ಎಷ್ಟು ಚೆನ್ನಾಗಿದ್ದರೂ ಒಪ್ಪುತ್ತಿರಲಿಲ್ಲ. ದೊಡ್ಡ ಕುಟುಂಬದಲ್ಲಿ ಬಾಳಿದವಳು, ಜನ ಇದ್ದರೇ ಮನೆ ಎಂದುಕೊಂಡಿದ್ದಾಳೆ ಎಂದು ನಾನು ತಿಳಿದಿದ್ದೆ.

ಪತ್ತೇದಾರಿಕೆಯಲ್ಲಿ ಮಾತ್ರ ನಾವಿಬ್ಬರೂ ಗೆದ್ದದ್ದು ಅಪರೂಪ. ಒಂದು ಆಟದಲ್ಲಿ ಒಬ್ಬ ಶ್ರೀಮಂತ ಮುದುಕಿ ಮಹಡಿಯ ಕೋಣೆಯಲ್ಲಿ ಸತ್ತಿದ್ದಳು. ಅವಳ ಅಣ್ಣನ ಮಗನ ಬೂಟು ಒದ್ದೆಯಾಗಿತ್ತು, ಕೈಗವಸು ಹರಿದಿತ್ತು, ಮಾತಿಗೊಮ್ಮೆ ತಡವರಿಸುತ್ತಿದ್ದ. ಯಾರಿಗಾದರೂ ಅವನ ಮೇಲೆ ಅನುಮಾನ ಬರಬೇಕು. ಅಷ್ಟರಲ್ಲಿ ಅಕ್ಕನ ಕಣ್ಣು ಅಡುಗೆಮನೆಯ ಮೇಲೆ ಬಿತ್ತು. ಅಲ್ಲಿ ಅಡುಗೆಯವಳು ಇಡೀ ಕೋಳಿಯನ್ನು ಒಲೆಗಿಟ್ಟು ಸುಡುತ್ತಿದ್ದಳು, ಪಕ್ಕದಲ್ಲಿ ಕೇಕು ಬೇರೆ.

"ಎಣ ಇನ್ನೂವೆ ಮ್ಯಾಲೆ ಬಿದ್ದದೆ, ಇವ್ಳು ಒಲೆ ಅಚ್ಚವ್ಳಲ್ಲಾ! ಸಾವಾದ ಮನೇಲಿ ಒಲೆ ಅಚ್ಚಕ್ಕೆ ಕೈ ಎಂಗಾದ್ರೂ ಬತ್ತದೆ? ಇವ್ಳೇ ಕಣ್ಲಾ. ಬೇರೆ ನೋಡ್ಲೇಬ್ಯಾಡ."

ನನಗೂ ಅದು ಸರಿ ಎನಿಸಿತು. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೋ ನೆಂಟರೋ ಅನ್ನ ಸಾರು ತಂದು ಬಡಿಸುತ್ತಾರೆ. ಭಾವ ಹೋದಾಗ ಹೆಡತಲೆಯಲ್ಲಿ ಹಾಗೆ ತಂದುಕೊಟ್ಟ ಅನ್ನವನ್ನು ನಾವಿಬ್ಬರೂ ಉಂಡಿದ್ದೆವು. ಒಲೆ ಹಚ್ಚಿದ ಹೆಂಗಸಿಗಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ಒದ್ದೆ ಬೂಟನ್ನೂ ಹರಿದ ಕೈಗವಸನ್ನೂ ಹೇಗೋ ಅವಳ ತಲೆಗೇ ಕಟ್ಟಿದೆವು. ಪೊಲೀಸರು ಅಡುಗೆಯವಳಿಗೆ ಕೋಳ ತೊಡಿಸಿದರು, ಆ ಅಣ್ಣನ ಮಗ ನಗುತ್ತ ಮನೆಯ ಬೀಗದ ಕೈ ಜೇಬಿಗೆ ಹಾಕಿಕೊಂಡ. ತಪ್ಪು ಉತ್ತರ ಎಂದು ಪರದೆ ಹೇಳಿತು. ಅಕ್ಕ ಒಪ್ಪಲಿಲ್ಲ. "ಆಟ ಮಾಡ್ದೋನ್ಗೇ ಗೊತ್ತಿಲ್ಲ ಬುಡು" ಎಂದು ಎದ್ದು ದೋಸೆಗೆ ನೆನೆಹಾಕಲು ಹೋದಳು. ಮತ್ತೆ ಮೊದಲಿಂದ ಆಡಿ ಸರಿಮಾಡುವ ಯೋಚನೆ ನನಗೂ ಬರಲಿಲ್ಲ.

ಓದು ಮುಗಿದು ಅಕ್ಕನ ಮಗನಿಗೆ ತಿ. ನರಸೀಪುರದಲ್ಲಿ ಕೆಲಸವಾಯಿತು, ಮದುವೆಯಾಯಿತು. ಸೊಸೆ ಸ್ಟಾಫ್ ನರ್ಸ್. ಕಳೆದ ವರ್ಷ ಮಗುವಾಯಿತು. ಸೊಸೆಗೆ ರಜೆ ಮುಗಿದು ಶಿಫ್ಟು ಶುರುವಾದಾಗ ಮಗು ನೋಡಿಕೊಳ್ಳಲು ಯಾರು ಎಂಬ ಮಾತು ಬಂತು. ಅದನ್ನು ಕೇಳಬೇಕಾಗಿಯೇ ಇರಲಿಲ್ಲ. "ಒಂದಾರ್ ತಿಂಗ್ಳು ಓಗ್ಬತ್ತೀನಿ ಕಣ್ಲಾ" ಎಂದು ಅಕ್ಕ ಹೊರಟಳು. ನಾನು "ಹ್ಞೂ" ಎಂದೆ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಅದಕ್ಕೇನು ಎಂದುಕೊಂಡೆ.

ದಾರಿ ಒಂದು ಗಂಟೆಯದೇ. ಆದರೆ ಸಂಜೆ ಕಚೇರಿಯಿಂದ ಬಂದು ಬೀಗ ತೆಗೆದರೆ ಮನೆ ಬಿಕೋ ಎನ್ನುತ್ತಿತ್ತು. ಬೆಳಿಗ್ಗೆ ಕುಡಿದಿಟ್ಟ ಕಾಫಿ ಲೋಟ ಇಟ್ಟಲ್ಲೇ ಇರುತ್ತಿತ್ತು. ಅಕ್ಕ ಇದ್ದಾಗಲೂ ನಾನೇನು ಮಾತುಗಾರನಲ್ಲ, ಆದ್ದರಿಂದ ಈ ನಿಶ್ಶಬ್ದ ನನಗೆ ಹೊಸದಾಗಿರಬಾರದಿತ್ತು. ಆದರೂ ಹೊಸದಾಗಿತ್ತು, ತಡೆಯಲಾಗದಷ್ಟು ಹೊಸದಾಗಿತ್ತು. ಹಿಂದಿನ ಆಟ ಅವಳು ಹೋಗುವ ವಾರವೇ ಮುಗಿದಿತ್ತು. ಮುಂದಿನದನ್ನು ಆರಿಸೋಣವೆಂದು ದಿನಾ ಲ್ಯಾಪ್‌ಟಾಪ್ ತೆರೆಯುತ್ತಿದ್ದೆ. ಟ್ರೇಲರುಗಳನ್ನು ನೋಡುತ್ತಿದ್ದೆ. ಈ ಹಡಗು ಚೆನ್ನಾಗಿದೆ, ಈ ಮಹಲು ಚೆನ್ನಾಗಿದೆ, ಯಾವುದಕ್ಕೂ ಮನಸ್ಸು ಒಗ್ಗುತ್ತಿರಲಿಲ್ಲ. ಹಾಗೇ ಮುಚ್ಚಿ, ಉಳಿದ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಣ್ಣುತ್ತಿದ್ದೆ. ಆರು ತಿಂಗಳೆಂದವಳು ಆರು ತಿಂಗಳಾದರೂ ಬರುವ ಮಾತೆತ್ತಲಿಲ್ಲ. ಎತ್ತಲು ಹೇಗಾದೀತು, ಮಗು ಆಗಷ್ಟೇ ಗೋಡೆ ಹಿಡಿದು ನಿಲ್ಲುತ್ತಿತ್ತು.

ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಆಟವನ್ನು ಅಕ್ಕನೇ ಆರಿಸಲಿ. ದಿನಾ ಸಂಜೆ ನಾನು ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೊಂಡು ಆಡುತ್ತೇನೆ, ಅವಳಿಗೆ ಹೇಳುತ್ತ ಹೋಗುತ್ತೇನೆ. ಅವಳು ಅಲ್ಲಿಂದಲೇ ಇವನು ಸರಿಯಿಲ್ಲ, ಅವಳು ಸರಿಯಿಲ್ಲ ಎನ್ನಲಿ. ನನಗೆ ಬೇಕಾಗಿದ್ದದ್ದು ಅಷ್ಟೇ. ಎರಡು ಆಟಗಳನ್ನು ಗುರುತು ಹಾಕಿಟ್ಟುಕೊಂಡೆ. ಒಂದು, ಬೆಟ್ಟದ ಮೇಲಿನ ಹಿಮದ ಹೋಟೆಲು. ಒಳಗೆ ತುಂಬ ಜನ, ಮಾಲೀಕ ಸತ್ತಿದ್ದಾನೆ. ಇನ್ನೊಂದು, ಸಮುದ್ರದ ನಡುವೆ ಒಂದು ದೀಪಸ್ತಂಭ. ಅದರ ಕಾವಲುಗಾರ ಕಾಣೆಯಾಗಿದ್ದಾನೆ, ದ್ವೀಪದಲ್ಲಿ ನರಪಿಳ್ಳೆಯೂ ಇಲ್ಲ. ಒಂದು ಮಾತೂ ಇಲ್ಲದ ಆಟ ಅದು. ನೋಡಲು ಎಷ್ಟು ಸುಂದರವಾಗಿತ್ತೆಂದರೆ ನನ್ನ ಮನಸ್ಸು ಒಳಗೊಳಗೇ ಅದರ ಕಡೆಗೇ ಇತ್ತು.

ಭಾನುವಾರ ಬೆಳಿಗ್ಗೆ ನರಸೀಪುರದ ಬಸ್ಸು ಹತ್ತಿದೆ. ದಾರಿಯಲ್ಲಿ ಸಿಗುವ ಸುತ್ತೂರಿನ ಹಾಸ್ಟೆಲಿನಲ್ಲಿರುವ ಮಕ್ಕಳನ್ನು ನೋಡಲು ಹೊರಟ ಅಪ್ಪ ಅಮ್ಮಂದಿರು ಬಸ್ಸಿನ ತುಂಬ ಇದ್ದರು. ಅವರ ತೊಡೆಯ ಮೇಲೆ ತಿಂಡಿಯ ಡಬ್ಬಿ, ನನ್ನ ತೊಡೆಯ ಮೇಲೆ ಲ್ಯಾಪ್‌ಟಾಪಿನ ಚೀಲ. ಪಕ್ಕದಲ್ಲಿದ್ದವರು "ತಾವೂ ಮಗನ್ ನೋಡಕ್ಕಾ ಸಾ?" ಎಂದು ಕೇಳಿದರು. "ಹ್ಞೂ" ಎಂದುಬಿಟ್ಟೆ. ಇಲ್ಲವೆಂದರೆ ಮತ್ತೆ ಯಾಕೆ, ಏನು ಎಂದು ವಿವರಿಸಬೇಕಾಗುತ್ತಿತ್ತು.

ಅಕ್ಕ ಮಗುವನ್ನು ಕಾಲ ಮೇಲೆ ಕೂರಿಸಿಕೊಂಡು ರಾಗಿ ಸರಿ ತಿನ್ನಿಸುತ್ತಿದ್ದಳು. ಮಗ ಸೊಸೆ ಇಬ್ಬರೂ ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದರು. ಅಕ್ಕ ಸ್ವಲ್ಪ ಇಳಿದಿದ್ದಳು, ಆದರೆ ಮುಖದಲ್ಲಿ ಕಳೆಯಿತ್ತು. ನಾನು ಮಂಚದ ಮೇಲೆ ಲ್ಯಾಪ್‌ಟಾಪ್ ತೆರೆದು ಹೋಟೆಲಿನ ಟ್ರೇಲರ್ ಹಾಕಿದೆ. ಮಗು ಕೈ ಚಾಚಿತು, ಲ್ಯಾಪ್‌ಟಾಪಿನ ಗುಂಡಿಗಳ ಮೇಲೆ ರಾಗಿ ಸರಿ ಬಿತ್ತು, ಅಕ್ಕ ಸೆರಗಿನಿಂದ ಒರೆಸಿದಳು. ಟ್ರೇಲರಿನ ಅರ್ಧ ಹಾಗೇ ಹೋಯಿತು. ಇನ್ನೊಂದು ಸಲ ಹಾಕಿದೆ. ಅವಳು ನೋಡಿದಳು, ಆದರೆ ನೆಂಟರ ಮನೆಯ ಮದುವೆ ಆಲ್ಬಮ್ ನೋಡುವ ಹಾಗೆ ನೋಡಿದಳು. ಅಡುಗೆಮನೆಯ ಬೆಳಕಿನ ಮಾತೇ ಎತ್ತಲಿಲ್ಲ.

"ಇನ್ನೊಂದೂ ಇದೆ. ಯಾವುದು ಬೇಕು ಹೇಳಕ್ಕ" ಎಂದೆ.

"ನೀನೇ ಆರುಸ್ಕೊಳ್ಲಾ. ಆಡೋನು ನೀನು."

"ನಾನೊಬ್ನೇ ಎಲ್ಲಿ? ದಿನಾ ಸಂಜೆ ಫೋನ್ ಮಾಡ್ತೀನಿ. ಸ್ಪೀಕರ್‌ಗೆ ಹಾಕ್ಕೊಂಡು ಆಡಣ."

ಅಕ್ಕ ಮಗುವಿನ ಬಾಯಿ ಒರೆಸಿದಳು. "ಫೋನ್ನಲ್ಲಿ ಎಂಗಾಯ್ತದ್ಲಾ? ಸಂಜೆಗೆ ಇವ್ನಿಗೆ ನೀರ್ ಉಯ್ಬೇಕು, ಮಲುಗುಸ್ಬೇಕು. ಅಪ್ಪ ಅಮ್ಮ ಬರೋಗಂಟ ಕೈ ಬುಡಲ್ಲ ಇವ್ನು."

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಮಗುವಿನ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗುವುದಿಲ್ಲ, ಆದ್ದರಿಂದ ಆಟದ ಮೇಲೆ ತೋರಿಸಿದೆ. ಸರಿ, ಹಾಗಾದರೆ ಇದನ್ನು ತಗೊತೀನಿ ಎಂದು ದೀಪಸ್ತಂಭ ಹಾಕಿದೆ. ಅಲೆಗಳು ಬಂದವು, ಖಾಲಿ ಮೆಟ್ಟಿಲು ಬಂತು, ಮಂಜಿನಲ್ಲಿ ಸುತ್ತುವ ದೀಪ ಬಂತು. ಅಕ್ಕ ಈ ಸಲ ಸರಿಯಾಗಿ ನೋಡಿದಳು.

"ಇದ್ರಲ್ಲಿ ಯಾರೂ ಇಲ್ವಾ?"

"ಇಲ್ಲ. ಮಾತೂ ಇಲ್ಲ. ಒಬ್ನೇ ಆಡಕ್ಕೆ ಹೇಳಿ ಮಾಡ್ಸಿದ ಹಾಗಿದೆ. ನಿಂಗೆ ಹೇಳೋ ತಾಪತ್ರಯನೂ ಇಲ್ಲ."

"ಇದ್ ಬ್ಯಾಡ."

"ಯಾಕೆ? ನೀನೇನು ಆಡ್ತೀಯಾ? ಆಡೋನು ನಾನು ಅಂತ ಈಗ ತಾನೇ ಅಂದೆ."

ನನ್ನ ದನಿ ಏರಿದ್ದಕ್ಕೆ ಮಗು ತಿರುಗಿ ನೋಡಿತು. ಅಕ್ಕ ಮಾತ್ರ ದನಿ ಏರಿಸಲಿಲ್ಲ. "ನೋಡ್ಲಾ, ನೀನು ಆಪೀಸಿಂದ ಬಂದ್ರೆ ಬಾಯೇ ಬುಡ್ತಿರ್ನಿಲ್ಲ. ಉಣ್ತೀಯೇನ್ಲಾ ಅಂದ್ರೆ ಊಂ, ನೀರ್ ಕೊಡ್ಲೇನ್ಲಾ ಅಂದ್ರೆ ಊಂ. ನಿಮ್ ಬಾವ ಓದ್ಮ್ಯಾಲೆ ನಂಗೂವೆ ಗ್ವಾಡೆ ನೋಡ್ಕಂಡು ಕೂತ್ಕಳಕ್ಕೆ ಆಯ್ತಿರ್ನಿಲ್ಲ. ಈ ಆಟ ಆಕುದ್ರೆ ಮಾತ್ರ ನೀನು ಮಾತಾಡ್ತಿದ್ದೆ. ನಗ್ತಿದ್ದೆ. ಅದ್ಕೇ ಜನ ಜಾಸ್ತಿ ಇರೋದ್ನೇ ನೋಡಿ ಏಳ್ತಿದ್ದೆ. ಜನ ಜಾಸ್ತಿ ಇದ್ರೆ ಮಾತು ಜಾಸ್ತಿ. ಕೊಲೆ ಯಾರ್ ಮಾಡುದ್ರೆ ನಂಗೇನ್ಲಾ?"

ನಾನು ಪರದೆಯನ್ನೇ ನೋಡುತ್ತ ಕೂತೆ. "ಮತ್ತೆ ಆ ಅಡುಗೆಯವಳು?" ಎಂದೆ.

"ಅವ್ಳಾ? ಅವ್ಳೇ ಕಣ್ಲಾ ಮಾಡಿದ್ದು. ಅದ್ರಲ್ಲೇನೂ ಅನ್ಮಾನ ಇಲ್ಲ" ಎಂದಳು ಅಕ್ಕ. ಇಬ್ಬರಿಗೂ ನಗು ಬಂತು. ಆಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಏಳುತ್ತ, "ಜನ ಇರೋದ್ನೇ ತಕೊ. ಒಬ್ನೇ ಇದ್ರೂವೆ ಬಾಯ್ಬುಟ್ಟು ಓದ್ಕೊ. ಸುಮ್ನಿರ್ಬ್ಯಾಡ" ಎಂದಳು.

ಮಧ್ಯಾಹ್ನ ಊಟ ಹಾಕಿ ಕಳಿಸಿದಳು. ವಾಪಸು ಬರುವ ಬಸ್ಸಿನಲ್ಲಿ ನನಗೆ ಕೋಪವೇ ಕೋಪ. ಅಷ್ಟು ವರ್ಷ ನಾನು ಜೊತೆಯಲ್ಲಿ ಒಬ್ಬಳು ಪತ್ತೇದಾರಿಣಿ ಇದ್ದಾಳೆಂದುಕೊಂಡಿದ್ದೆ. ಅವಳಿಗೆ ಆ ಹಡಗೂ ಬೇಡ, ಆ ಮಹಲೂ ಬೇಡ, ನಾನು ಒಳ್ಳೇ ಪೆದ್ದ ಎಂದು ಬೈದುಕೊಂಡೆ. ಊರು ಹತ್ತಿರವಾಗುವಷ್ಟರಲ್ಲಿ ಕೋಪಕ್ಕೆ ಹಿಡಿದುಕೊಳ್ಳಲು ಏನೂ ಉಳಿದಿರಲಿಲ್ಲ. ಗಂಡನನ್ನು ಕಳೆದುಕೊಂಡು ಬಂದ ಹೆಂಗಸು, ದಿನವಿಡೀ ಮನೆಗೆಲಸ ಮಾಡಿ, ತನಗೆ ಸಂಬಂಧವೇ ಇಲ್ಲದ ಲಂಡನ್ನಿನ ಕೊಲೆಗಳನ್ನು ಸಂಜೆ ಸಂಜೆ ಕೇಳುತ್ತ ಕೂತದ್ದು ನನ್ನ ಬಾಯಿಂದ ನಾಲ್ಕು ಮಾತು ಬರಲಿ ಎಂದು. ನನ್ನನ್ನು ಹಾಗೆ ಪ್ರೀತಿಸಿದವರು ಬೇರೆ ಯಾರಿದ್ದಾರೆಂದು ಯೋಚಿಸಿದೆ. ಯಾರ ಹೆಸರೂ ಬರಲಿಲ್ಲ.

ಮನೆಗೆ ಬಂದವನೇ ದೀಪಸ್ತಂಭವನ್ನು ಪಟ್ಟಿಯಿಂದ ತೆಗೆದು ಹಾಕಿ ಹಿಮದ ಹೋಟೆಲನ್ನು ಕೊಂಡೆ. ಕಾಫಿ ಮಾಡಿಕೊಂಡು ಕೂತೆ. ಬಾಗಿಲಲ್ಲಿ ಒಬ್ಬ ಕಾವಲಿನವನು ಲಾಟೀನು ಹಿಡಿದು ನಿಂತಿದ್ದ. ಅವನ ಮಾತು ಪರದೆಯ ಕೆಳಗೆ ಬಂತು. ಅಕ್ಕ ಹೇಳಿದ್ದಾಳಲ್ಲ ಎಂದು ಜೋರಾಗಿಯೇ ಹೇಳಿದೆ: "ಬನ್ನಿ ಸಾ, ಚಳಿ ಅದೆ, ಒಳೀಕ್ ಬನ್ನಿ." ಖಾಲಿ ಕೋಣೆಯಲ್ಲಿ ನನ್ನ ದನಿ ನನಗೇ ಯಾರದೋ ಎನಿಸಿತು. ಪಕ್ಕಕ್ಕೆ ತಿರುಗಿ ನೋಡಿದೆ. ನಾಚಿಕೆಯಾಗಿ ಸುಮ್ಮನಾದೆ, ಕಣ್ಣಲ್ಲೇ ಓದಲು ಶುರುಮಾಡಿದೆ.

ಕಣ್ಣಲ್ಲಿ ಓದಿದರೆ ಆಟ ಎಷ್ಟು ಬೇಗ ಮುಗಿಯುತ್ತದೆ ಎಂಬುದು ನನಗೆ ಮರೆತೇ ಹೋಗಿತ್ತು. ಅಕ್ಕನಿಗೆ ಹೇಳುತ್ತ ಹೋಗಿದ್ದರೆ ಒಂದು ತಿಂಗಳು ಹಿಡಿಯುತ್ತಿದ್ದ ಭಾಗ ಊಟದ ಹೊತ್ತಿಗೆ ದಾಟಿತ್ತು. ಯಾರಿಗೂ ದನಿ ಕೊಡಬೇಕಿರಲಿಲ್ಲ, ಯಾರ ವಂಶವನ್ನೂ ವಿವರಿಸಬೇಕಿರಲಿಲ್ಲ. ಅಡುಗೆಮನೆಯಲ್ಲಿ ಯಾರು ಏನು ಬೇಯಿಸುತ್ತಿದ್ದಾರೆಂದು ನಿಂತು ನೋಡುವವರೂ ಇರಲಿಲ್ಲ. ಸೋಮವಾರ ಇನ್ನೊಂದಿಷ್ಟು, ಮಂಗಳವಾರ ಮಿಕ್ಕದ್ದು. ಮಾಲೀಕನ ಪಾಲುದಾರನ ಕಡೆ ಬೆರಳು ತೋರಿಸಿದೆ. ಸರಿ ಉತ್ತರ. ಪರದೆ ನನಗೆ ಅಭಿನಂದನೆ ಹೇಳಿತು, ಬಣ್ಣದ ಕಾಗದ ಉದುರಿಸಿತು. ಅಕ್ಕ ಇದ್ದಿದ್ದರೆ ಖಂಡಿತ ತಪ್ಪಾಗುತ್ತಿತ್ತು.

ಹೊರಗೆ ಇನ್ನೂ ಬೆಳಕಿತ್ತು. ಹೋಟೆಲಿನಲ್ಲಿದ್ದ ಜನವೆಲ್ಲ ಹೊರಟುಹೋಗಿದ್ದರು. ಮುಂದಿನ ಆಟ ಯಾವುದು ಎಂದು ಅಂಗಡಿಯ ಪುಟ ತಾನಾಗಿಯೇ ತೆರೆದುಕೊಂಡು ಇದು ನಿಮಗೆ ಇಷ್ಟವಾಗಬಹುದು, ಇದೂ ಇಷ್ಟವಾಗಬಹುದು ಎಂದು ಸಾಲಾಗಿ ತೋರಿಸಿತು. ಮುಚ್ಚಿದೆ. ಅಡುಗೆಮನೆಗೆ ಹೋಗಿ ನಿಂತುಕೊಂಡು ಅಕ್ಕನಿಗೆ ಫೋನ್ ಮಾಡಿದೆ.

"ಯಾಕ್ಲಾ? ಏನಾಯ್ತು?" ಗಾಬರಿಯಿಂದ ಕೇಳಿದಳು. ಕಾರಣವಿಲ್ಲದೆ ನಾನು ಅವಳಿಗೆ ಯಾವತ್ತೂ ಫೋನ್ ಮಾಡಿದವನಲ್ಲ.

"ಏನಿಲ್ಲ ಕಣಕ್ಕ. ಸುಮ್ನೆ ಮಾಡ್ದೆ."

ಅಕ್ಕನಿಗೆ ನಂಬಿಕೆಯಾಗಲಿಲ್ಲ. "ಸುಮ್ನೆಯಾ?"

"ಹ್ಞೂ" ಎಂದೆ. ಇನ್ನು ಇಡುತ್ತೇನೆ ಎನ್ನುವ ಜಾಗಕ್ಕೆ ಆಗಲೇ ಬಂದುಬಿಟ್ಟಿದ್ದೆವು. ನಾನು ಸುತ್ತ ನೋಡಿದೆ. ಸ್ಟೌವಿನ ಮೇಲೆ ಪಾತ್ರೆಯಿತ್ತು. "ಇವತ್ತು ಬೆಳಿಗ್ಗೆ ಬಸ್ಸಾರು ಮಾಡ್ದೆ ಕಣಕ್ಕ. ಬಾಯಿಗೆ ಇಡಕ್ಕಾಗಲ್ಲ, ಅಷ್ಟು ಉಪ್ಪು."

"ಅಯ್ಯೋ, ಎಂಗಾಯ್ತು?"

"ಸೊಪ್ಪು ಬೇಯ್ಸೋವಾಗ್ಲೇ ಹಾಕಿದ್ದೆ. ಬಸ್ದ ಮೇಲೆ ಆ ನೀರಿಗೆ ಮತ್ತೆ ಹಾಕ್ದೆ. ಅಷ್ಟರಲ್ಲಿ ಪಕ್ಕದ ಮನೆಯೋರು ಬಾಗ್ಲು ತಟ್ಟಿದ್ರು, ಕರೆಂಟ್ ಬಿಲ್ಲು ನಮ್ಮನೇಗೆ ಬಂದಿದ್ಯಾ ಅಂತ..."

ಅಕ್ಕ ನಗತೊಡಗಿದಳು. ನಾನು ಪಕ್ಕದ ಮನೆಯವರ ದನಿ ಮಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಕಡೆ ಮಗು ಎದ್ದು ಅಳಲು ಶುರುಮಾಡಿತು. "ತಡಿ ತಡಿ, ಇವ್ನು ಎದ್ಬುಟ್ಟ. ಆಮ್ಯಾಕ್ ಮಾಡ್ತೀನಿ ಕಣ್ಲಾ" ಎಂದಳು. ಫೋನ್ ಕಟ್ಟಾಯಿತು.

ಆದರೆ ಮಾತು ಇನ್ನೂ ಇತ್ತು. ಬಾಗಿಲು ಹಾಕಿ ಬಂದ ಮೇಲೆ ಮರೆತು ಮೂರನೇ ಸಲ ಉಪ್ಪು ಹಾಕಿದ್ದು ಹೇಳುವುದಿತ್ತು, ರುಚಿ ನೋಡಿ ನನ್ನ ಮುಖ ಹೇಗಾಯಿತೆಂಬುದು ಹೇಳುವುದಿತ್ತು. ನಾನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಯಾರೂ ಇಲ್ಲದ ಅಡುಗೆಮನೆಯಲ್ಲಿ ನಿಂತು, ಪಕ್ಕದ ಮನೆಯವರ ದನಿಯನ್ನೂ ಸೇರಿಸಿ, ಉಳಿದದ್ದನ್ನೆಲ್ಲ ಜೋರಾಗಿ ಹೇಳಿ ಮುಗಿಸಿದೆ.